ಅಕ್ಷರ ಉಜ್ಜಿದ ಮಾತ್ರೆ

ನಮ್ಮಣ್ಣ ಮಾಡಿದ ಹಲ್ಲುಗಳು ಈ ಊರಿನ ಅರ್ಧ ಮುದುಕರ ಬಾಯಲ್ಲಿವೆ. ಸುಳ್ಳು ಅನ್ನುವವರು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದು ಕಪಾಟು ನೋಡಬಹುದು. ನಂಬರು ಬರೆದ ಪ್ಲಾಸ್ಟರಿನ ದವಡೆಗಳು ನೆಲದಿಂದ ಸೂರಿನವರೆಗೆ ಸಾಲಾಗಿ ಕೂತಿವೆ. ರಿಪೇರಿಗೆ ಬಂದರೆ ಬೇಕಾಗುತ್ತದೆ ಅಂತ ಅವನು ಒಂದನ್ನೂ ಎಸೆಯುವುದಿಲ್ಲ. ಬಾಯಿಯ ಯಜಮಾನರು ಸತ್ತು ಹತ್ತು ವರ್ಷವಾದ ದವಡೆಗಳೂ ಅಲ್ಲಿವೆ. ನನಗೆ ಅಭ್ಯಾಸವಾಗಿದೆ ಅಂತ ಎಲ್ಲರ ಮುಂದೆ ಹೇಳುತ್ತೇನೆ, ಆದರೆ ಒಬ್ಬಳೇ ಇದ್ದಾಗ ಆ ಕಪಾಟಿಗೆ ಬೆನ್ನು ಮಾಡಿ ಕೂರುವುದಿಲ್ಲ.

ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ಅಣ್ಣ ಹಲ್ಲಿನ ಸೆಟ್ಟು ಮಾಡಿ ಕೊಡುತ್ತಾನೆ. ಹೆಸರೆಲ್ಲ ಅವರಿಗೆ, ಕೆಲಸ ಇವನದು. ಬೀದಿಯವರಿಗೆ ಅವನು ಹಲ್ಲಣ್ಣ. ಅವನು ಮೇಣದಲ್ಲಿ ಹಲ್ಲು ಜೋಡಿಸಿ, ಒಸಡಿನ ಬಣ್ಣದ ಅಂಟು ತುಂಬಿ, ಬೇಯಿಸಿ ತೆಗೆದದ್ದನ್ನು ನಾನು ಮೋಟಾರಿನ ಚಕ್ರಕ್ಕೆ ಹಿಡಿದು ಉಜ್ಜಿ ಹೊಳಪು ಕೊಡುತ್ತೇನೆ. ಅವನು ಮದುವೆಯಾಗಲಿಲ್ಲ. ನಾನು ಆಗಿ, ಮುಗಿಸಿ, ಒಂದು ಟ್ರಂಕು ಹಿಡಿದು ವಾಪಸ್ ಬಂದವಳು. ಇಪ್ಪತ್ತಮೂರು ವರ್ಷದಿಂದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೇವೆ. ನನ್ನ ನಾಲಿಗೆ ಹರಿತ, ಅವನ ಕೈ ಹರಿತ, ಹಾಗಾಗಿ ಜಗಳ ಆದರೂ ಕೆಲಸ ಕೆಟ್ಟಿಲ್ಲ.

ಅವನ ಕೈಚಳಕ ಏನು ಅಂದರೆ, ಹಲ್ಲನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. ಮುಂದಿನ ಎರಡರಲ್ಲಿ ಒಂದನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾನೆ, ಪಕ್ಕದ್ದಕ್ಕೆ ಒಂದು ಚೂರು ಹಳದಿ ಬೆರೆಸುತ್ತಾನೆ. ಸಾಲಾಗಿ ಬೆಳ್ಳಗೆ ನಿಂತರೆ ಸುಳ್ಳು ಹಲ್ಲು ಅಂತ ದೂರದಿಂದಲೇ ಗೊತ್ತಾಗುತ್ತದಂತೆ. ಅವನ ಸೆಟ್ಟು ಹಾಕಿಕೊಂಡ ಒಬ್ಬ ಅಜ್ಜನಿಗೆ ಸ್ವಂತ ಮಗಳೇ, ಅಪ್ಪಾ, ನಿಮ್ಮ ಹಲ್ಲು ಇನ್ನೂ ಎಷ್ಟು ಗಟ್ಟಿ ಅಂದಳಂತೆ. ಆ ಮಾತನ್ನು ಅಣ್ಣ ಒಂದು ವರ್ಷ ಹೇಳಿಕೊಂಡು ತಿರುಗಿದ.

ಹೇಳಿಕೊಂಡು ತಿರುಗುವುದಕ್ಕೂ ಅವನಲ್ಲಿ ಕಾಲ ಇರುತ್ತದೆ. ಒಂದು ಕಾಲದಲ್ಲಿ ಮೂರು ದಿನ ಕಣ್ಣು ಮುಚ್ಚದೆ ಯಾರೂ ಕೇಳದ ಸೆಟ್ಟುಗಳನ್ನು ಮಾಡುತ್ತಾನೆ, ಬಸ್ಸಿನಲ್ಲಿ ಅಪರಿಚಿತರ ಬಾಯಿ ತೆರೆಸಿ ನೋಡುತ್ತಾನೆ, ಜೋರಾಗಿ ನಗುತ್ತಾನೆ. ಆಮೇಲೆ ಇನ್ನೊಂದು ಕಾಲ ಬರುತ್ತದೆ. ಆಗ ನಡುಮನೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಾನೆ. ಬೈಪೋಲಾರ್ ಅಂತ ಅದಕ್ಕೆ ಹೆಸರು. ಮೇಲೆ ಹಾರುವುದನ್ನು ಲಿಥಿಯಂ ಮಾತ್ರೆ ಹಿಡಿದು ನಿಲ್ಲಿಸಿತು. ಕೆಳಗೆ ಬೀಳುವುದನ್ನು ಯಾವ ಮಾತ್ರೆಯೂ ನಿಲ್ಲಿಸಲಿಲ್ಲ. ಮೊದಲು ಒಂದು ತಿಂಗಳು ಮಲಗುತ್ತಿದ್ದವನು ಆಮೇಲೆ ಮೂರು ತಿಂಗಳು, ಆಮೇಲೆ ಎಂಟು.

ಅದೇ ಮಂಚದ ಮೇಲೆ ನಮ್ಮಪ್ಪನೂ ಹಾಗೇ ಮಲಗುತ್ತಿದ್ದ. ಅಪ್ಪನದೂ ಇದೇ ಕಸುಬು, ಅಣ್ಣನಿಗೆ ಕಲಿಸಿದ್ದೇ ಅವನು. ಅಪ್ಪನ ಮಾತ್ರೆಗಳನ್ನು ಅವನ ಕೈಗೆ ಕೊಡುವುದು ನನ್ನ ಕೆಲಸವಾಗಿತ್ತು. ಆಗ ನನಗೆ ಹನ್ನೊಂದು. ಒಂದು ಸಂಜೆ ಅಪ್ಪ ಆ ಮಾತ್ರೆಯನ್ನು ಬಾಯಿಗೆ ಹಾಕದೆ, ಅಚ್ಚಿಗೆ ಸುರಿದ ಹಸಿ ಪ್ಲಾಸ್ಟರಿನೊಳಗೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಸವರಿ ಮುಚ್ಚಿದ. ನಾನು ನೋಡಿದ್ದನ್ನು ಅವನು ನೋಡಿದ. ಅಮ್ಮನಿಗೆ ಹೇಳಬೇಡ ಪುಟ್ಟಿ ಅಂದ. ನಾನು ಹೇಳಲಿಲ್ಲ. ದಿನಾ ಮಾತ್ರೆ ಕೊಟ್ಟೆ, ದಿನಾ ಅದು ಯಾರದೋ ದವಡೆಯೊಳಗೆ ಹೋಯಿತು. ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಎರಡು ದಿನ ಕಳೆದು ಇಬ್ಬರು ಪೊಲೀಸರು ಬಂದು ಅವನ ಕನ್ನಡಕ ಕೊಟ್ಟು ಹೋದರು.

ಈ ಮಾತನ್ನು ನಾನು ಅಮ್ಮನಿಗೆ ಅವಳು ಇರುವವರೆಗೂ ಹೇಳಲಿಲ್ಲ, ಅಣ್ಣನಿಗೂ ಹೇಳಿರಲಿಲ್ಲ. ಕಪಾಟಿನ ಮೇಲಿನ ಎರಡು ಸಾಲು ಅಪ್ಪನ ಕಾಲದವು. ಅವುಗಳಲ್ಲಿ ಯಾವ ಯಾವುದರ ಹೊಟ್ಟೆಯಲ್ಲಿ ಮಾತ್ರೆ ಇದೆ ಅಂತ ನನಗೆ ಗೊತ್ತು. ಅಣ್ಣ ಮಂಚ ಹಿಡಿದಾಗಲೆಲ್ಲ ನಾನು ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅದೇ ಬೆನ್ನು, ಅದೇ ಕತ್ತು, ಕಾಲು ಮಡಚಿಕೊಳ್ಳುವುದೂ ಅದೇ ರೀತಿ. ಎಷ್ಟೋ ಸಲ ಅಣ್ಣಾ ಅಂತ ಕರೆಯಲು ಹೋಗಿ ಬಾಯಿಗೆ ಅಪ್ಪಾ ಅಂತ ಬಂದು, ಹಾಗೇ ನುಂಗಿಕೊಂಡಿದ್ದೇನೆ. ಅವನಿಗೆ ಐವತ್ತೊಂದು ತುಂಬಿತ್ತು. ಅಪ್ಪ ಹೋದಾಗ ಅಷ್ಟೇ ವಯಸ್ಸು.

ಅಂಥ ಒಂದು ಎಂಟು ತಿಂಗಳ ಕೊನೆಯಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಒಂದು ಔಷಧಿ ಪ್ರಯೋಗದ ವಿಷಯ ತೆಗೆದರು. ಸಣ್ಣ ಹೆಂಗಸು, ಮೆತ್ತಗೆ ಮಾತಾಡುವವರು, ಆದರೆ ಹಿಡಿದ ಹಟ ಬಿಡುವವರಲ್ಲ. ಅವರು ಹೇಳಿದ್ದು ಇಷ್ಟು. ಕೆಲವರ ಮೈ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿರುವುದಿಲ್ಲ, ಬರುವ ದಾರಿಯಲ್ಲಿರುತ್ತದೆ. ಬೈಪೋಲಾರ್ ಇದ್ದು ಮೈಯೂ ಹೀಗಾದವರಲ್ಲಿ ಮಂಕು ಗಟ್ಟಿಯಾಗಿ ಕೂರುತ್ತದೆ, ಮಾಮೂಲಿ ಔಷಧಿಗೆ ಜಗ್ಗುವುದಿಲ್ಲ ಅಂತ ಅವರಿಗೆ ಅನುಮಾನ. ಸಕ್ಕರೆ ಕಾಯಿಲೆಗೆ ಕೊಡುವ ಹಳೆಯ ಮಾತ್ರೆಯನ್ನೇ ಕೊಟ್ಟು ಮೈಯನ್ನು ದಾರಿಗೆ ತಂದರೆ ಮನಸ್ಸೂ ಏಳುತ್ತದಾ ಅಂತ ನೋಡಬೇಕು. ಇಪ್ಪತ್ತಾರು ವಾರ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದನ್ನು ಬರೆದು ಮುಚ್ಚಿಟ್ಟ ಲಕೋಟೆಯನ್ನು ಎಲ್ಲ ಮುಗಿದ ಮೇಲೆ ಒಡೆಯುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. ಮುಳುಗುತ್ತಿರುವವನಿಗೆ ಹಗ್ಗ ಕೊಡುತ್ತೀರೋ ಹಗ್ಗದ ಚಿತ್ರ ಕೊಡುತ್ತೀರೋ ನಿಮಗೇ ಗೊತ್ತಿಲ್ಲವಾ ಅಂತ ಕೇಳಿದೆ. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಗೊತ್ತಿಲ್ಲದೆ ಇದ್ದರೆ ಮಾತ್ರ ಇದು ಹಗ್ಗವಾ ಅಲ್ಲವಾ ಅಂತ ಗೊತ್ತಾಗುವುದು ಅಂದರು. ಅಷ್ಟರಲ್ಲಿ ಅಣ್ಣ ಎರಡು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ಸುಳ್ಳು ಹಲ್ಲು ಮಾಡೋನಿಗೆ ಸುಳ್ಳು ಮಾತ್ರೆ ಸಿಕ್ಕರೆ ತಪ್ಪೇನಿದೆ," ಅಂತ ಹೇಳಿ ರುಜು ಹಾಕಿದ. ನಗಲಿಲ್ಲ.

ರಕ್ತ ತೆಗೆದರು, ಮೂತ್ರಪಿಂಡ ಸರಿಯಿದೆಯಾ ನೋಡಿದರು, ಇನ್ಸುಲಿನ್ ಲೆಕ್ಕ ಹಾಕಿದರು. ಅವನ ಮೈ ಮಾತು ಕೇಳುತ್ತಿಲ್ಲ ಅನ್ನುವುದು ಖಚಿತವಾಯಿತು. ಲಿಥಿಯಂ ಹಾಗೇ ಇರಲಿ, ಜೊತೆಗೆ ಇದು ಅಂತ ಒಂದು ಬಿಳಿ ಡಬ್ಬಿ ಕೊಟ್ಟರು. ಬೆಳಿಗ್ಗೆ ಊಟದ ಮೇಲೆ ಒಂದು, ಸಂಜೆ ಊಟದ ಮೇಲೆ ಒಂದು. ಪ್ರತಿ ಸಲ ಹೋದಾಗ ನರ್ಸಮ್ಮ ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸುತ್ತಿದ್ದಳು. ಆಮೇಲೆ ಒಂದು ಕಾಗದ ಹಿಡಿದು, ನಿದ್ದೆ ಹೇಗೆ, ಹಸಿವು ಹೇಗೆ, ಬದುಕಬೇಕು ಅನ್ನಿಸುತ್ತದಾ ಅಂತ ಕೇಳಿ ಅಂಕಿ ಬರೆದುಕೊಳ್ಳುತ್ತಿದ್ದಳು.

ಈಗ ನನ್ನ ವಿಷಯ ಹೇಳಬೇಕು. ನನಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅದೇ ಮಾತ್ರೆಯನ್ನು ದಿನಕ್ಕೆ ಎರಡರಂತೆ ನುಂಗುತ್ತಾ ಬಂದವಳು ನಾನು. ಬಡಾವಣೆಯ ದವಾಖಾನೆಯಲ್ಲಿ ತಿಂಗಳಿಗೆ ಸರಿಯಾಗಿ ಎಣಿಸಿ ಕೊಡುತ್ತಾರೆ, ಚೀಟಿ ಇಲ್ಲದೆ ಅಂಗಡಿಯಲ್ಲೂ ಹೆಚ್ಚಿಗೆ ಸಿಗುವುದಿಲ್ಲ. ಅದರ ಡಬ್ಬಿ ತೆರೆದರೆ ಮೀನಿನ ವಾಸನೆ ಬರುತ್ತದೆ. ಶುರುವಿನಲ್ಲಿ ಎಂಟು ದಿನ ಹೊಟ್ಟೆ ಕೆಟ್ಟು ನಾನು ಬಚ್ಚಲ ಬಾಗಿಲು ಬಿಟ್ಟು ಕದಲಿರಲಿಲ್ಲ. ಅಣ್ಣನ ಡಬ್ಬಿಗೆ ಮೊದಲ ದಿನವೇ ಮೂಗಿಟ್ಟು ನೋಡಿದೆ. ವಾಸನೆಯೇ ಇಲ್ಲ. ಅವನ ಹೊಟ್ಟೆ ಒಂದು ದಿನವೂ ಗುಡುಗಲಿಲ್ಲ. ವಾಸನೆ ಬರದ ಹಾಗೆ ಮೇಲೆ ಏನಾದರೂ ಹಚ್ಚಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎದೆ ಒಪ್ಪಲಿಲ್ಲ.

ಆರು ವಾರ ಏನೂ ಆಗಲಿಲ್ಲ. ಏಳನೇ ವಾರ ಒಂದು ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಸದ್ದಾಯಿತು. ಅಣ್ಣ ಎದ್ದಿದ್ದ. ನನಗೆ ಜೀವ ಬಂದಂತಾಯಿತು, ಓಡಿ ಹೋದೆ. ಅವನು ಮೇಣ ಕೆತ್ತುವ ಚಾಕುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಅರ್ಧ ಆಗಿದ್ದ ಕೆಲಸಗಳಿಗೆಲ್ಲ ಚೀಟಿ ಅಂಟಿಸಿದ್ದ.

"ಯಾವುದು ಯಾರದ್ದು ಅಂತ ಬರೆದಿಟ್ಟಿದ್ದೀನಿ," ಅಂದ. "ನೀನು ಹುಡುಕಾಡಬೇಕಾಗಿಲ್ಲ."

ಅವತ್ತೇ ಅವನನ್ನು ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಒಂದು ಗಂಟೆ ಅವನ ಜೊತೆ ಕೂತರು, ಆಸ್ಪತ್ರೆಯಲ್ಲಿ ಇರು ಅಂದರು, ಅವನು ಒಪ್ಪಲಿಲ್ಲ. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟ. ವಾರಕ್ಕೆ ಎರಡು ಸಲ ಬರಬೇಕು, ಇವರನ್ನು ಒಬ್ಬರನ್ನೇ ಬಿಡಬೇಡಿ ಅಂತ ನನಗೆ ಹೇಳಿದರು. ನಿಜವಾದ ಮಾತ್ರೆಯನ್ನೇ ಕೊಡಿ ಅಂತ ನಾನು ಅಂಗಲಾಚಿದೆ. ಅವರಿಗೂ ಗೊತ್ತಿಲ್ಲವಲ್ಲ, ಯಾವುದನ್ನು ಕೊಟ್ಟಾರು. ಹಾಗಾದರೆ ಪ್ರಯೋಗದಿಂದ ಬಿಡಿಸಿ, ಮಾಮೂಲಿ ಚೀಟಿ ಬರೆದೇ ಕೊಡಿ ಅಂದೆ. ಅದಕ್ಕೆ ಅವರು ತಯಾರಿದ್ದರು, ಅಣ್ಣ ತಯಾರಿರಲಿಲ್ಲ. ಶುರು ಮಾಡಿದ್ದು ಇದೊಂದನ್ನಾದರೂ ಮುಗಿಸುತ್ತೇನೆ ಅಂದ. ಅವನು ಹಿಡಿದುಕೊಂಡಿದ್ದ ಕೊನೆಯ ಕೊಂಬೆ ಅದು. ಅದನ್ನು ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ.

ಮನೆಗೆ ಬಂದು, ಅವನು ಮಂಚ ಸೇರಿದ ಮೇಲೆ, ನಾನು ನನ್ನ ಮಾತ್ರೆಗಳನ್ನು ಬೆಂಚಿನ ಮೇಲೆ ಸುರಿದೆ. ಅವನದೂ ನನ್ನದೂ ಒಂದೇ ಗಾತ್ರ, ಒಂದೇ ಬಿಳುಪು. ಒಂದೇ ವ್ಯತ್ಯಾಸ, ನನ್ನದರ ಒಂದು ಬದಿಯಲ್ಲಿ ಕಂಪನಿಯ ಎರಡು ಅಕ್ಷರ ಒತ್ತಿತ್ತು, ಇನ್ನೊಂದು ಬದಿಯಲ್ಲಿ ಮುರಿಯಲು ಗೆರೆ. ಬೇರೆ ಯಾರ ಮನೆಯಲ್ಲಾದರೂ ಇಂಥ ಯೋಚನೆ ಬರುತ್ತಿರಲಿಲ್ಲ, ಬಂದರೂ ಮಾಡಲು ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಜ್ಜುವ ಚಕ್ರ ಇತ್ತು. ಇಪ್ಪತ್ತಮೂರು ವರ್ಷ ಉಜ್ಜಿದ ಕೈ ಇತ್ತು.

ಮೊದಲ ಆರು ಮಾತ್ರೆ ಪುಡಿಯಾದವು. ಆಮೇಲೆ ಮೋಟಾರಿನ ವೇಗ ಇಳಿಸಿ, ಕೊನೆಯ ಹೊಳಪಿಗೆ ಬಳಸುವ ಮೆತ್ತನೆಯ ಉಣ್ಣೆಚಕ್ರ ಹಾಕಿ, ಉಸಿರು ಬಿಗಿಹಿಡಿದು ತಾಗಿಸಿದೆ. ಅಕ್ಷರ ಹೋಯಿತು, ಗೆರೆ ಹೋಯಿತು. ಒಂದು ವಾರದ ಹದಿನಾಲ್ಕು ಮಾಡಿ ಅವನ ಡಬ್ಬಿಗೆ ಹಾಕಿದೆ, ಅವನ ಹದಿನಾಲ್ಕು ನಾನು ತೆಗೆದುಕೊಂಡೆ. ಎಸೆಯಲಿಲ್ಲ, ನನ್ನ ಪಾಲಿನದು ಅಂತ ನಾನೇ ನುಂಗಿದೆ. ನನ್ನ ಲೆಕ್ಕ ಸರಳವಾಗಿತ್ತು. ಅವನದು ನಿಜವಾದ ಮಾತ್ರೆಯೇ ಆಗಿದ್ದರೆ ಅದಲುಬದಲಿನಿಂದ ಇಬ್ಬರಿಗೂ ನಷ್ಟವಿಲ್ಲ. ಸುಳ್ಳಾಗಿದ್ದರೆ ನನ್ನ ರಕ್ತವೇ ಹೇಳುತ್ತದೆ.

ಹೇಳಿತು. ಮೂರನೇ ವಾರಕ್ಕೆ ಬೆರಳು ಚುಚ್ಚಿ ನೋಡುವ ಮಿಷನ್ನು ಇನ್ನೂರ ಎಂಬತ್ತು ತೋರಿಸಿತು. ಬಾಯಾರಿಕೆ, ಕಾಲು ಜೋಮು, ಸಂಜೆಯಾದರೆ ಕಣ್ಣು ಮಂಜು. ಬಾಯಿಗೆ ಬೀಗ ಹಾಕಿಕೊಂಡು ಅರ್ಧ ಹೊಟ್ಟೆ ಉಂಡೆ, ಮೈಲಿಗಟ್ಟಲೆ ನಡೆದೆ, ಆದರೂ ಇಳಿಯಲಿಲ್ಲ. ಕಾಲಿನ ಹೆಬ್ಬೆರಳ ಹತ್ತಿರ ಚಪ್ಪಲಿ ಕಚ್ಚಿದ ಗಾಯ ಒಣಗಲಿಲ್ಲ. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಒಳಗೊಳಗೇ ಒಂದು ಕೆಟ್ಟ ಖುಷಿಯೂ ಆಯಿತು. ಲಕೋಟೆಯೊಳಗೆ ಏನಿದೆ ಅಂತ ಇಡೀ ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಮೂಗು ಸರಿಯಾಗಿಯೇ ಹೇಳಿತ್ತು.

ಅದಲುಬದಲು ಶುರು ಮಾಡಿ ಒಂದು ತಿಂಗಳಾಗಿರಬೇಕು, ಬೆಳಿಗ್ಗೆ ಮಾತ್ರೆ ಬಾಯಿಗೆ ಹಾಕಿಕೊಂಡ ಅಣ್ಣ ಮುಖ ಕಿವುಚಿದ.

"ಥೂ. ಕಹಿ ಕಣೇ ಇದು. ಮೀನು ನಾತ ಬೇರೆ."

ನಾನು ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಒಂದು ತಿಂಗಳಿಂದ ಅದೇ ಮಾತ್ರೆ ನುಂಗುತ್ತಿದ್ದವನಿಗೆ ಅವತ್ತು ಮೊದಲ ಸಲ ನಾಲಿಗೆಗೆ ರುಚಿ ಹತ್ತಿತ್ತು. ಸಿಕ್ಕಿಬೀಳುತ್ತೇನೆ ಅನ್ನುವ ಭಯವೂ, ಅವನ ನಾಲಿಗೆ ಎದ್ದಿತು ಅನ್ನುವ ಸಂತೋಷವೂ ಒಟ್ಟಿಗೇ ಬಂದವು. ಬಿಸಿಲಿಗೆ ಇಟ್ಟಿದ್ದೆ, ಅದಕ್ಕೇ ಕೆಟ್ಟಿರಬೇಕು ಅಂತ ಏನೋ ಒಂದು ಹೇಳಿದೆ.

ಆಮೇಲೆ ಒಂದೊಂದೇ ಬಂತು. ಒಂದು ದಿನ ಗಡ್ಡ ಬೋಳಿಸಿಕೊಂಡ. ಒಂದು ದಿನ ನನ್ನ ಅಡುಗೆಗೆ ಹೆಸರಿಟ್ಟ, ಉಪ್ಪು ಜಾಸ್ತಿ ಅಂದ. ಚಾಕುಗಳನ್ನು ಬಟ್ಟೆಯಿಂದ ಬಿಚ್ಚಿದ. ಹದಿನಾಲ್ಕನೇ ವಾರದ ರಕ್ತಪರೀಕ್ಷೆಯಲ್ಲಿ ಅವನ ಮೈ ಮತ್ತೆ ಇನ್ಸುಲಿನ್ನಿನ ಮಾತು ಕೇಳಲು ಶುರು ಮಾಡಿದ್ದು ಕಂಡಿತು. ಡಾಕ್ಟರಮ್ಮ ಮುಖ ಗಂಭೀರವಾಗಿಟ್ಟುಕೊಂಡೇ ಬರೆದುಕೊಂಡರು, ಪೆನ್ನು ಮಾತ್ರ ಒಂದು ಕ್ಷಣ ನಿಂತಿತು. ಇಪ್ಪತ್ತನೇ ವಾರಕ್ಕೆ ಅಣ್ಣ ಬೆಂಚಿನಲ್ಲಿ ಕೂತು ಒಂದು ಹಲ್ಲನ್ನು ಓರೆ ಮಾಡಿ, ಕತ್ತು ಹಿಂದೆ ಎಳೆದು ನೋಡಿ, ಗುನುಗಿದ. ಹಾರಾಟದ ಗುನುಗು ಅಲ್ಲ ಅದು, ಮಾಮೂಲಿ ಮನುಷ್ಯ ಕೆಲಸ ಮಾಡುವಾಗ ಬರುವ ಗುನುಗು. ಇವತ್ತು ನಿನ್ನೆಗಿಂತ ಮೇಲು ಕಣೇ ಅಂತ ದಿನಾ ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದ. ನಾನು ಎದುರಿಗೆ ಕೂತು ಹೂಂ ಅನ್ನುತ್ತಿದ್ದೆ.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಅಂದುಕೊಂಡರೆ ತಪ್ಪು. ಅವನು ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಬಾಗಿಲು ಹಾಕಿಕೊಂಡು ಮಾತ್ರೆ ಉಜ್ಜುತ್ತಿದ್ದೆ. ಬಿಳಿ ಪುಡಿ ಹಾರಿ ಬೆಂಚಿನ ಮೇಲೆ, ನನ್ನ ಮೊಣಕೈ ಮೇಲೆ ಕೂರುತ್ತಿತ್ತು. ಹಿಂದಿನ ಕಪಾಟಿನಲ್ಲಿ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಮೋಟಾರು ನಿಲ್ಲಿಸಿ ಕೇಳಿದರೆ ಏನೂ ಇಲ್ಲ. ಮತ್ತೆ ಹಚ್ಚಿದರೆ ಮತ್ತೆ ಅದೇ. ಒಂದು ಸಲ ಅಪ್ಪ ನನ್ನ ಪಕ್ಕದಲ್ಲೇ ನಿಂತು, ಅಮ್ಮನಿಗೆ ಹೇಳಬೇಡ ಪುಟ್ಟಿ ಅಂದಂತಾಯಿತು. ಅಪ್ಪಾ, ನೀನು ತಿನ್ನದೆ ಕದ್ದೆ, ನಾನು ತಿನ್ನಿಸಲು ಕದೀತಿದ್ದೀನಿ, ಎರಡೂ ಒಂದೇ ಅಲ್ಲ ಅಂತ ಬಾಯಿಬಿಟ್ಟೇ ಹೇಳಿದೆ. ಖಾಲಿ ಕೋಣೆಯಲ್ಲಿ ನನ್ನ ದನಿ ಕೇಳಿ, ಮೋಟಾರು ಮತ್ತೆ ಹಚ್ಚಿದೆ.

ಇಪ್ಪತ್ತಾರು ವಾರ ಮುಗಿಯಿತು. ಡಬ್ಬಿ ವಾಪಸ್ ತೆಗೆದುಕೊಂಡರು. ಪ್ರಯೋಗದಲ್ಲಿ ಇನ್ನೂ ಉಳಿದಿರುವ ನಾಲ್ಕು ಜನರದ್ದೂ ಮುಗಿಯಲಿ, ಆಮೇಲೆ ಲಕೋಟೆ ಒಡೆದು ಕರೆಯುತ್ತೇವೆ ಅಂದರು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನನ್ನ ಬುದ್ಧಿ ಡಬ್ಬಿ ಇರುವವರೆಗೆ ಮಾತ್ರ ಓಡಿತ್ತು. ಡಬ್ಬಿಯೇ ಹೋದ ಮೇಲೆ ಯಾವುದರಲ್ಲಿ ಬಚ್ಚಿಟ್ಟು ಕೊಡಲಿ? ಪುಡಿ ಮಾಡಿ ಚಹಾಕ್ಕೆ ಹಾಕಿದೆ. ಅವನು ಒಂದು ಗುಟುಕು ಕುಡಿದು, ಏನೇ ಇದು ಅಂತ ಲೋಟ ಕೆಳಗಿಟ್ಟ. ನಾಲಿಗೆ ವಾಪಸ್ ಬಂದಿತ್ತಲ್ಲ.

ನಾಲ್ಕು ವಾರ ಹೋಯಿತು. ಮೂರನೇ ವಾರದಲ್ಲಿ ಗುನುಗು ನಿಂತಿತು. ನಾಲ್ಕನೇ ವಾರ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅಂತ ಹೋಗಿ ಮಂಚದ ಮೇಲೆ ಒರಗಿದವನು ಸಂಜೆಯವರೆಗೂ ಏಳಲಿಲ್ಲ. ಹೋಗಿ ನೋಡಿದೆ. ಮುಖ ಗೋಡೆಯ ಕಡೆಗಿತ್ತು. ಮರುದಿನವೂ ಹಾಗೇ. ಕೇಳಿದರೆ ಸುಸ್ತು ಅಷ್ಟೇ ಅಂದ.

ಐದನೇ ದಿನ ಆಸ್ಪತ್ರೆಯಿಂದ ಕರೆ ಬಂತು.

ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿ ಎರಡೇ. ಅವರು ಕಾಗದ ತಿರುಗಿಸಿ ಅಣ್ಣನಿಗೆ ತೋರಿಸಿದರು. ನಿಮಗೆ ಸಿಕ್ಕಿದ್ದು ಔಷಧಿ ಇಲ್ಲದ ಮಾತ್ರೆ ಅಂದರು. ಅವರಿಗೇ ಆಶ್ಚರ್ಯ ಆಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಅಣ್ಣ ಆ ಕಾಗದವನ್ನು ಎರಡು ಸಲ ಓದಿದ. ಆಮೇಲೆ ಅವನ ಮುಖ ಅರಳಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಅಂದ್ರೆ ನಾನೇ ಎದ್ದಿದ್ದು," ಅಂದ. "ಯಾರೂ ಎಬ್ಬಿಸಲಿಲ್ಲ. ನಾನೇ."

ಕಹಿ, ವಾಸನೆ ಎಲ್ಲ ನನ್ನ ತಲೆಯೇ ಹುಟ್ಟಿಸಿದ್ದು ನೋಡಿ ಡಾಕ್ಟ್ರೇ ಅಂತ ನಕ್ಕ. ನಾಲ್ಕು ದಿನದಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಅಪ್ಪನ ಕೈಲಿ ಆಗದೇ ಇದ್ದದ್ದು ನನ್ನ ಕೈಲಿ ಆಯಿತು ಅಂದ. ಹಾಗಾದರೆ ಉಳಿದ ಮಾತ್ರೆಗಳಾದರೂ ಯಾಕೆ, ಲಿಥಿಯಂ ಕೂಡ ನಿಲ್ಲಿಸೋಣ ಅಂದ. ಡಾಕ್ಟರಮ್ಮ ಬೇಡ ಬೇಡ ಅಂತ ಶುರು ಮಾಡಿದರು. ಅವನು ಕೇಳುತ್ತಿರಲಿಲ್ಲ. ಅವನ ಕಣ್ಣು ಹೊಳೆಯುತ್ತಿತ್ತು.

ನನ್ನ ಮುಂದೆ ಎರಡೇ ದಾರಿ. ಸುಮ್ಮನಿದ್ದರೆ ಈ ಹೆಮ್ಮೆ ಅವನಿಗೆ ಉಳಿಯುತ್ತದೆ. ಅದನ್ನು ಎದೆಗವಚಿಕೊಂಡು ಎಲ್ಲ ಮಾತ್ರೆ ಬಿಟ್ಟು ಅದೇ ಮಂಚಕ್ಕೆ ಹೋಗಿ ಬೀಳುತ್ತಾನೆ, ಆಮೇಲೆ ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟುತ್ತಾನೆ. ಬಾಯಿ ಬಿಟ್ಟರೆ ಅವನ ಕೈಯಿಂದ ಅದನ್ನು ಕಿತ್ತುಕೊಳ್ಳುವವಳು ನಾನೇ. ಒಂದು ಸಲ ಸುಮ್ಮನಿದ್ದು ಏನಾಯಿತು ಅಂತ ನನಗೆ ಗೊತ್ತಿತ್ತು.

"ಅವನು ತಿಂದಿದ್ದು ಸುಳ್ಳು ಮಾತ್ರೆ ಅಲ್ಲ," ಅಂದೆ. "ನನ್ನದು."

ಎಲ್ಲ ಹೇಳಿದೆ. ಅಕ್ಷರ ಉಜ್ಜಿದ್ದು, ಅದಲುಬದಲು, ನನ್ನ ಸಕ್ಕರೆ, ಕಾಲಿನ ಗಾಯ. ಹೇಳುತ್ತಾ ಹೇಳುತ್ತಾ ಪ್ಲಾಸ್ಟರಿನೊಳಗಿನ ಅಪ್ಪನ ಮಾತ್ರೆಗಳೂ ಬಾಯಿಂದ ಬಂದುಬಿಟ್ಟವು. ಅಣ್ಣ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಅಂಚು ಮೇಜಿನ ಅಂಚಿಗೆ ಸರಿಯಾಗಿ ಕೂರುವ ಹಾಗೆ ಜೋಡಿಸಿದ.

ಮೆತ್ತಗೆ ಮಾತಾಡುವ ಡಾಕ್ಟರಮ್ಮ ಅವತ್ತು ಮೆತ್ತಗಿರಲಿಲ್ಲ. ಲಿಥಿಯಂ ತಗೊಳ್ಳುವವನ ಮೂತ್ರಪಿಂಡ ಕೆಟ್ಟಿದ್ದರೆ ಯಾರಿಗೂ ಕಾರಣವೇ ತಿಳಿಯುತ್ತಿರಲಿಲ್ಲ ಅಂದರು. ನಿಮ್ಮ ಕಾಲು ಕತ್ತರಿಸಬೇಕಾಗಿ ಬಂದಿದ್ದರೆ ಅಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಏನೂ ಇಲ್ಲದ ಮಾತ್ರೆ ತಿಂದು ಎದ್ದರು ಅಂತ ನಾನು ಬರೆದಿದ್ದೆ. ಅದನ್ನ ಓದಿ ಇನ್ಯಾರೋ ಡಾಕ್ಟರು, ಇನ್ಯಾರದೋ ಅಣ್ಣನಿಗೆ, ಈ ಔಷಧಿಯಿಂದ ಉಪಯೋಗ ಇಲ್ಲ ಬಿಡಿ ಅಂತಿದ್ದರು. ಅದು ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಬೆನ್ನು. ಗೋಡೆಯ ಕಡೆ ಮುಖ ಮಾಡಿದ ಬೇರೆ ಬೆನ್ನುಗಳೂ ಬೇರೆ ಮನೆಗಳಲ್ಲಿ ಇವೆ ಅನ್ನುವುದು ಅವತ್ತೇ ನನಗೆ ಹೊಳೆದದ್ದು. ಈಗ ಅವು ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಡಾಕ್ಟರಮ್ಮ ಅಣ್ಣನ ನಂಬರಿನ ಪಕ್ಕ ಉದ್ದಕ್ಕೆ ಏನೋ ಬರೆದು, ಇದನ್ನೆಲ್ಲ ಮೇಲಿನವರಿಗೆ ತಿಳಿಸಬೇಕು ಅಂದರು. ಹಾಗಾದರೆ ಅವನು ಎದ್ದದ್ದು ನನ್ನ ಮಾತ್ರೆಯಿಂದ ತಾನೇ ಅಂತ ಕೇಳಿದೆ. ಒಬ್ಬರಿಂದ ಏನೂ ಸಾಬೀತಾಗುವುದಿಲ್ಲ, ಮಾತ್ರೆಯಿಂದಲೋ, ಕಾಲ ಬಂದು ತಾನಾಗಿಯೋ ಹೇಳಲು ಆಗುವುದಿಲ್ಲ ಅಂದರು. ಮೂತ್ರಪಿಂಡ ಮತ್ತೆ ಪರೀಕ್ಷೆ ಮಾಡಿಸಿ, ಅವನಿಗೆ ಅದೇ ಔಷಧಿಯನ್ನು ಚೀಟಿಯಲ್ಲಿ ಬರೆದು ಕೊಟ್ಟರು. ನನ್ನನ್ನು ಕಾಲು ತೋರಿಸಲು ಬೇರೆ ಕಡೆ ಕಳಿಸಿದರು.

ಎಂಟು ದಿನ ಅಣ್ಣ ಮಾತಾಡಲಿಲ್ಲ. ಒಂಬತ್ತನೇ ದಿನ ಹಿಂದಿನ ಕೋಣೆಗೆ ಬಂದು, ಹೇಗೆ ಮಾಡಿದೆ ತೋರಿಸು ಅಂದ. ನಾನು ಉಣ್ಣೆಚಕ್ರ ಹಾಕಿ, ನನ್ನ ಒಂದು ಮಾತ್ರೆ ತೆಗೆದು, ಅವನ ಎದುರಿಗೇ ಅಕ್ಷರ ಉಜ್ಜಿದೆ. ಅವನು ಅದನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಅಂಚು ಸವೆದಿದೆ," ಅಂದ. "ನಾನು ನೆಟ್ಟಗಿದ್ದಿದ್ರೆ ಒಂದೇ ನೋಟಕ್ಕೆ ಹಿಡೀತಿದ್ದೆ." ಮಾತ್ರೆಯನ್ನು ಬೆಂಚಿನ ಮೇಲಿಟ್ಟ. "ಇವತ್ತು ನಿನ್ನೆಗಿಂತ ಮೇಲು ಅಂತ ದಿನಾ ನಿನಗೆ ಹೇಳ್ತಿದ್ದೆ ಕಣೇ. ನೀನು ಎದುರಿಗೆ ಕೂತು ಕೇಳಿಸ್ಕೊಂಡೆ."

ಬೆಂಚಿನ ಮೇಲೆ ಬಿದ್ದ ಬಿಳಿ ಪುಡಿಯನ್ನು ನಾನು ಅಂಗೈಯಿಂದ ಒರೆಸಿದೆ. ಅಪ್ಪನ ವಿಷಯ ಅವನು ಎತ್ತಲೇ ಇಲ್ಲ. ಆದರೆ ಮರುದಿನ ನೋಡಿದರೆ ಕಪಾಟಿನ ಮೇಲಿನ ಎರಡು ಸಾಲು ಖಾಲಿಯಾಗಿದ್ದವು. ದವಡೆಗಳನ್ನು ಎಲ್ಲಿ ಹಾಕಿದ ಅಂತ ನಾನು ಕೇಳಲಿಲ್ಲ.

ಇದಾಗಿ ಎರಡು ವರ್ಷ. ಔಷಧಿ ಅವನೇ ತರುತ್ತಾನೆ. ಬೆಂಚಿನ ಖಾನೆಯಲ್ಲಿಟ್ಟು ಬೀಗ ಹಾಕುತ್ತಾನೆ, ಬೀಗದ ಕೈ ಅವನ ಜೇಬಿನಲ್ಲಿ. ಚಹಾ ಅವನೇ ಮಾಡಿಕೊಳ್ಳುತ್ತಾನೆ. ನಾನು ಮುಚ್ಚಿಟ್ಟ ನೀರನ್ನು ಚೆಲ್ಲಿ ತಾನೇ ಹಿಡಿದುಕೊಂಡು ಕುಡಿಯುತ್ತಾನೆ. ಹೆಚ್ಚಿನ ದಿನ ಎದ್ದು ಓಡಾಡಿಕೊಂಡಿದ್ದಾನೆ, ಹಲ್ಲು ಮಾಡುತ್ತಾನೆ, ಕೆಲಸದ ಮಾತು ಆಡುತ್ತಾನೆ. ನನ್ನ ಸಕ್ಕರೆ ಇಳಿದಿದೆ. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು.

ಹೋದ ತಿಂಗಳು ಅವನು ಮತ್ತೆ ಮಂಚ ಹಿಡಿದ. ಡಾಕ್ಟರಮ್ಮನಿಗೆ ತಿಳಿಸಿದೆ, ಬಂದು ನೋಡಿದರು, ಮಾತ್ರೆ ತಪ್ಪಿಸದೆ ತಗೊಳ್ಳಲಿ, ಕಾಯೋಣ ಅಂದರು. ತಗೊಳ್ಳುತ್ತಿದ್ದಾನೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು, ಖಾನೆಗೆ ಬೀಗ. ನಡುಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಅಣ್ಣಾ, ಮಾತ್ರೆ ತಗೊಂಡೆಯಾ?"

"ತಗೊಂಡೆ."

"ನಿಜವಾಗ್ಲೂ?"

ಅವನು ನಿಧಾನಕ್ಕೆ ಈ ಕಡೆ ಹೊರಳಿದ. ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನು ನೇರ ನೋಡಿದ.

"ಅದನ್ನ ನೀನು ಕೇಳ್ತೀಯಾ?" ಅಂದ.

ಕೇಳುವ ಹಕ್ಕು ನನಗಿಲ್ಲ ಅಂತ ನನಗೂ ಗೊತ್ತು. ಅವನು ಮತ್ತೆ ಗೋಡೆಯ ಕಡೆ ತಿರುಗಿಕೊಂಡ. ನಾನು ಅಡುಗೆಮನೆಗೆ ಹೋದೆ. ಸಂಜೆ ಬಂದು ಮತ್ತೆ ಕೇಳಿದೆ. ಮರುದಿನವೂ ಕೇಳಿದೆ. ದಿನಕ್ಕೆ ಎರಡು ಸಲ ಕೇಳುತ್ತೇನೆ. ಅವನು ತಗೊಂಡೆ ಅನ್ನುತ್ತಾನೆ, ನಾನು ನಂಬುತ್ತೇನೆ.